ಪಂಚಮಿಯ ದಿನ ಪಿಜ್ಜಾ ಬಿಸಿ ಮಾಡಿದ್ದು

ಪಿಜ್ಜಾ ಕೆಟ್ಟದ್ದು ಅದನ್ನು ಕಡಬಿನ ಹಾಗೆ ಉಗಿಯಲ್ಲಿ ಬೇಯಿಸಿದ್ದರಿಂದ. ನಾಗಪ್ಪನ ಸಿಟ್ಟಿನಿಂದಲ್ಲ. ನನ್ನ ಸೊಸೆ ಈಗಲೂ ಬೇರೆ ಹೇಳುತ್ತಾಳೆ. ಹೇಳಲಿ, ಬೇಯಿಸಿದವಳೂ ಅವಳೇ.

ಮೊಮ್ಮಗಳು ನಾಗರ ಪಂಚಮಿಗೆಂದು ಶಿರಗುಪ್ಪಿಯಿಂದ ತವರಿಗೆ ಬಂದಿದ್ದಳು. ಮೂರು ತಿಂಗಳ ಬಸುರಿ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಅನ್ನ ಕಂಡರೆ ವಾಂತಿ, ರೊಟ್ಟಿ ಬಡಿಯುವ ಸಪ್ಪಳ ಕೇಳಿದರೂ ವಾಂತಿ. ಚಿಕ್ಕೋಡಿಯ ಡಾಕ್ಟರು ಕೊಟ್ಟ ಗುಳಿಗೆಯೂ ಹೊರಗೇ ಬರುತ್ತಿತ್ತು. ಇನ್ನೂ ತೂಕ ಇಳಿದರೆ ದವಾಖಾನೆಗೆ ಸೇರಿಸಿ ಸಲಾಯಿನ್ ಹಚ್ಚಬೇಕಾಗುತ್ತದೆ ಎಂದು ಅವರು ಹೇಳಿ ಕಳಿಸಿದ್ದರು.

ಹಬ್ಬದ ಹಿಂದಿನ ಸಂಜೆ ಅವಳು ಅಪ್ಪನ ಹತ್ತಿರ ಪಿಜ್ಜಾ ಬೇಕೆಂದಳು. ನನ್ನ ಮಗ ನಿಪ್ಪಾಣಿಗೆ ಗಾಡಿ ಹೊಡೆದುಕೊಂಡು ಹೋಗಿ ತಂದ. ಎರಡು ತುಂಡು ತಿಂದಳು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತ ಕೂತೆವು. ವಾಂತಿಯಾಗಲಿಲ್ಲ. ಉಳಿದದ್ದನ್ನು ಸೊಸೆ ಡಬ್ಬಿಯ ಸಮೇತ ಫ್ರಿಜ್ಜಿನಲ್ಲಿಟ್ಟು, ಯಾರೂ ಮುಟ್ಟಬೇಡಿ ಎಂದಳು. ಯಾರೂ ಮುಟ್ಟುವವರಿರಲಿಲ್ಲ.

ಬೆಳಿಗ್ಗೆ ಹುಡುಗಿ ಎದ್ದು ನನ್ನ ಹತ್ತಿರ ಬಂದು, "ಆಯಿ, ಹಸಿವಾಗೇತಿ" ಅಂದಳು. ಆ ಮಾತು ಅವಳ ಬಾಯಿಂದ ಬಂದು ಎಷ್ಟೋ ದಿನವಾಗಿತ್ತು. ಪಿಜ್ಜಾ ತೆಗೆದು ಕೊಟ್ಟೆ. ಮೇಲಿನ ಚೀಸು ಮೇಣದ ಹಾಗೆ ಗಟ್ಟಿಯಾಗಿತ್ತು. ಒಂದು ಚೂರು ಕಚ್ಚಿ ಇಟ್ಟುಬಿಟ್ಟಳು.

"ತಣ್ಣಂದು ಸೇರವಲ್ದು. ಬಿಸಿ ಮಾಡಿ ಕೊಡ."

"ಹಂಚಿನ ಮ್ಯಾಲ ಇಟ್ರ ಆತು" ಅಂದೆ.

ಸೊಸೆ ಕೈಯಲ್ಲಿದ್ದ ಕಣಕ ಬಿಟ್ಟು ಎದ್ದಳು. "ಅತ್ತಿ! ಇವತ್ತ ಹಂಚ ಇಡತಾರೇನ್ರಿ? ನೀವಽ ಕಲಿಸೀರಿ, ನೀವಽ ಮರತೀರಿ?"

ಪಂಚಮಿಯ ದಿನ ನಾವು ಒಲೆಯ ಮೇಲೆ ರೊಟ್ಟಿಯ ಹಂಚು ಇಡುವುದಿಲ್ಲ. ನಾಗಪ್ಪನ ಹೆಡೆ ಸುಟ್ಟ ಹಾಗೆ ಅನ್ನುತ್ತಾರೆ. ಹೆಚ್ಚುವುದಿಲ್ಲ, ಕರಿಯುವುದಿಲ್ಲ. ಉಗಿಯಲ್ಲಿ ಬೆಂದ ಕಡಬು ತಿನ್ನುತ್ತೇವೆ. ಅವಳು ಮದುವೆಯಾಗಿ ಬಂದ ವರ್ಷ ಇದನ್ನೆಲ್ಲ ಹೇಳಿಕೊಟ್ಟವಳು ನಾನೇ. ಚೆನ್ನಾಗಿ ಕಲಿತಿದ್ದಳು.

ಮಗ ಹೊರಗಿನಿಂದ ಕೂಗಿದ: "ಹಸದ ಹುಡುಗಿಗೆ ಬಿಸಿ ಮಾಡಿ ಕೊಟ್ರ ಹಾವಿಗೇನ ತ್ರಾಸ?"

"ನೀವು ಸುಮ್ಕ ಕುಂದರ್ರಿ. ನಾಳೆ ಕೂಸಿಗೆ ಏನರ ಆದ್ರ ನೀವು ಹೊಣಿ ಆಗತೀರೇನು?"

ಸೊಸೆ ಹೆದರಿದ್ದಳು, ಅದು ಹಟವಲ್ಲ. ಹೆದರಿದವರ ಕೂಡ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಒಲೆಯ ಮೇಲೆ ಕಡಬು ಬೇಯುತ್ತಿತ್ತು. ಅವಳು ಪಿಜ್ಜಾದ ಎರಡು ತುಂಡು ಕಡಬಿನ ನಡುವೆ ಇಟ್ಟು ಮುಚ್ಚಿದಳು. ಮುಚ್ಚಳ ತೆಗೆದಾಗ ತಳದ ಬ್ರೆಡ್ಡು ಹಾಲಲ್ಲಿ ನೆನೆಸಿದ ರೊಟ್ಟಿಯ ಹಾಗೆ ಉಬ್ಬಿತ್ತು. ಚೀಸು ಕಡಬಿನ ಮೇಲೆ ಹರಿದಿತ್ತು. ಒಂದು ಕಡಬಿಗೆ ಡೊಣ್ಣ ಮೆಣಸಿನಕಾಯಿ ಅಂಟಿಕೊಂಡಿತ್ತು. ವಾಸನೆಗೇ ಮೊಮ್ಮಗಳು ಬಚ್ಚಲಿಗೆ ಓಡಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಆದರೂ ಬಂತು.

"ನೋಡ್ರಿ ಅತ್ತಿ, ನಾಗಪ್ಪ ಒಲ್ಲೆ ಅಂದ."

"ನಾಗಪ್ಪ ಏನೂ ಅಂದಿಲ್ಲ. ನೀರ ಕುಡದೈತಿ ಅದು."

ಇನ್ನು ಎರಡೇ ತುಂಡು ಉಳಿದಿದ್ದವು. ಬೇಳೆ ಬೇಯಿಸುವ ದಪ್ಪ ತಳದ ಬೋಗುಣಿಯನ್ನು ಒರೆಸಿ ಒಲೆಯ ಮೇಲಿಟ್ಟೆ. ನೀರಿಲ್ಲ, ಎಣ್ಣೆಯಿಲ್ಲ. ಒಂದು ತುಂಡು ಒಳಗಿಟ್ಟು ತಾಟು ಮುಚ್ಚಿದೆ.

"ಅದೂ ಹಂಚ ಆದಂಗ ಅಲ್ಲೇನ್ರಿ?"

"ಹಂಚಿನ್ಯಾಗ ಯಾರರ ಸಾರ ಮಾಡತಾರೇನ ಬೇ? ಇದರಾಗ ಮಾಡತೀವಿ. ಇದು ಬೋಗುಣಿ."

ಅಷ್ಟರಲ್ಲಿ ತಳ ಹೊತ್ತಿದ ವಾಸನೆ ಬಂತು. ಆ ತುಂಡಿನ ಕರಕಲು ಕೆರೆದು ನಾನೇ ತಿಂದೆ. ಉಪ್ಪು ಹೆಚ್ಚು. ಇದಕ್ಕೆ ಇಷ್ಟು ದೂರ ಹೋಗಬೇಕೇ ಅನಿಸಿತು.

ಕೊನೆಯ ತುಂಡು ಇಡುವಾಗ ಸೊಸೆಯೇ ಬಗ್ಗಿ ಉರಿ ಸಣ್ಣ ಮಾಡಿದಳು. "ಇಷ್ಟಽ ಇರಲಿ ಬಿಡ್ರಿ" ಅಂದಳು. ಚೀಸು ಕರಗಿ ಮಿರುಗುವ ತನಕ ಇಬ್ಬರೂ ಒಲೆಯ ಮುಂದೆ ನಿಂತೆವು. ತಳ ಗರಿಗರಿಯಾಗಿ, ಮೇಲೆ ಮೆತ್ತಗಾಗಿತ್ತು.

ಹುಡುಗಿ ಪೂರಾ ತಿಂದಳು. ಅಂಚನ್ನೂ ಬಿಡಲಿಲ್ಲ. ನಾವು ಮತ್ತೆ ಅವಳ ಬಾಯಿ ನೋಡುತ್ತ ಕೂತೆವು.

"ಹಿಂಗ ನೋಡಬ್ಯಾಡ್ರಿ, ನೋಡಿದ್ರಽ ಬರತೈತಿ" ಅಂದಳು. ಎದ್ದು ಹೋದೆವು. ಬರಲಿಲ್ಲ. ಹೊತ್ತು ಇಳಿಯುವಾಗ ಅರ್ಧ ಕಡಬು ತಿಂದಳು, ಅದೂ ನಿಂತಿತು. ಸೊಸೆ ಅವತ್ತು ನಾಗಪ್ಪನಿಗೆ ಎರಡನೇ ಸಲ ಹಾಲು ಎರೆದಳು. ಏನು ಬೇಡಿಕೊಂಡಳೋ, ಕೇಳಲಿಲ್ಲ.

ಆಮೇಲೆ ಬೇರೆ ರೀತಿಯಲ್ಲೂ ನೋಡಿದ್ದೇನೆ. ಬೀಗರ ಮನೆಯ ಮೈಕ್ರೊವೇವಿನಲ್ಲಿಟ್ಟರೆ ಬೇಗ ಬಿಸಿಯಾಗುತ್ತದೆ, ಆರಿದ ಮೇಲೆ ತೊಗಲು. ಹಂಚು ಇಡುವ ದಿನವಾದರೆ ಹಂಚೇ ಮೇಲು. ಸಣ್ಣ ಉರಿ, ಮೇಲೊಂದು ಮುಚ್ಚಳ. ಪೂರಾ ಒಣಗಿದ್ದರೆ ಪಕ್ಕಕ್ಕೆ ನಾಲ್ಕು ಹನಿ ನೀರು ಚಿಮುಕಿಸಬೇಕು, ತುಂಡಿನ ಮೇಲಲ್ಲ.

ಮರುದಿನ ಬೆಳಿಗ್ಗೆ ಅವಳು ಎದ್ದವಳೇ, "ಇನ್ನೊಂದು ತುಂಡು ಐತೇನ ಆಯಿ?" ಅಂತ ಕೇಳಿದಳು. ಇರಲಿಲ್ಲ. ಮಗ ಹೊಲಕ್ಕೆ ಹೋಗಿದ್ದ. ನಾನು ಸೀರೆ ಬದಲಿಸಿ ನಿಪ್ಪಾಣಿ ಬಸ್ಸು ಹತ್ತಿದೆ. ಪಿಜ್ಜಾ ಅಂಗಡಿಯ ಶಟರು ಇನ್ನೂ ಕೆಳಗೇ ಇತ್ತು. ಮುಂದೆ ಕಸ ಹೊಡೆಯುತ್ತಿದ್ದ ಹೆಂಗಸು ಹನ್ನೊಂದಕ್ಕೆ ತೆರೆಯುತ್ತಾರೆ ಎಂದು ಮರಾಠಿಯಲ್ಲಿ ಹೇಳಿದಳು. ಮೆಟ್ಟಿಲ ಮೇಲೆ ಕೂತೆ.