ಕಾಕಾ ಬರೆದಿಟ್ಟ ಡಂಪ್ ನೋಟ್‌ಬುಕ್

ಅವರ ಬಲಗೈಯ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಹರೆಯದಲ್ಲಿ ಮರಾಠಿ ಸೀಮೆಯ ಭೋಸರಿಯ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿತ್ತಂತೆ. ಆಮೇಲೆ ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತು ಅಲ್ಲೇ ಹತ್ತಿರದ ಯೆರವಡಾದ ನಮ್ಮ ಆಫೀಸಿಗೆ ಬಂದರೂ, ಅದೇ ಬೆರಳಿನಿಂದ ಕೀಲಿಗಳನ್ನು ಮೊಳೆ ಹೊಡೆದಂತೆ ಕುಟ್ಟುತ್ತಿದ್ದರು. ಮೂಲತಃ ಕನ್ನಡನಾಡಿನ ಇಂಡಿ ಕಡೆಯವರು. ಇಡೀ ಆಫೀಸಿಗೆ ಕಾಕಾ.

ಸರ್ವರಿನ ಹಿನ್ನೆಲೆಯಲ್ಲಿ ಸದ್ದಿಲ್ಲದೆ ಓಡುವ ನಮ್ಮ ಒಂದು ಸರ್ವಿಸ್ ಪ್ರೋಗ್ರಾಂ, ಲ್ಯಾಬಿನ ರಕ್ತಪರೀಕ್ಷೆಯ ವರದಿಗಳನ್ನು ಡಾಕ್ಟರುಗಳಿಗೆ ಮುಟ್ಟಿಸುತ್ತಿತ್ತು. ಅದು ಕ್ರ್ಯಾಶ್ ಆಗಿ ಬಿದ್ದಾಗಲೆಲ್ಲ, ಆ ಗಳಿಗೆಯಲ್ಲಿ ತನ್ನ ಮೆಮೊರಿಯಲ್ಲಿದ್ದುದನ್ನು ಒಂದು ಫೈಲಿಗೆ ಸುರಿದು ನಿಲ್ಲುತ್ತಿತ್ತು. ಅದೇ ಡಂಪ್. ಕಾಕಾ ಪ್ರತಿಯೊಂದನ್ನೂ ತೆರೆದು ನೋಡಿ, ಯಾಕೆ ಬಿತ್ತು ಎಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಒಂದು ಸಾಲು ಬರೆಯುತ್ತಿದ್ದರು. ನಮಗೆಲ್ಲ ಅದೊಂದು ತಮಾಷೆ.

ನಾನು ಮೈಸೂರಿನಿಂದ ಬಂದು ಸೇರಿ ಎರಡು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ದಿನ ಕಾಕಾ, ಡಂಪ್‌ಗಳಿಂದ ಡಿಸ್ಕ್ ತುಂಬಿದೆ, ಜಾಗ ಮಾಡು ಎಂದು ಹೇಳಿ ಊಟಕ್ಕೆ ಹೋದರು. ನಾನು ಎಲ್ಲವನ್ನೂ ಅಳಿಸಿ, ಅವರು ಬಂದಕೂಡಲೇ ಹೆಮ್ಮೆಯಿಂದ ಹೇಳಿದೆ.

"ಇವತ್ತ ಮುಂಜಾನೆ ಬಿದ್ದ ಡಂಪೂ ಹೋತೇನು?"

"ಹೌದು ಕಾಕಾ, ಎಲ್ಲಾ ಕ್ಲೀನ್ ಮಾಡ್ಬಿಟ್ಟೆ."

ಅವರು ಮೆಲ್ಲನೆ ಕುರ್ಚಿಯಲ್ಲಿ ಕೂತರು. "ಭೋಸರಿಯೊಳಗ ಮಷೀನ್ ಮುರದ್ರ, ಫಿಟರ್ ಬಂದು ನೋಡೂತನಕ ಮುರದ ತುಂಡು ಯಾರೂ ಒಗೀತಿದ್ದಿಲ್ಲ, ತಂಗಿ."

ಆ ಬೆಳಗ್ಗೆ ಸರ್ವಿಸ್ ಕ್ರ್ಯಾಶ್ ಆಗಿ ವರದಿಗಳು ಗಂಟೆಗಟ್ಟಲೆ ತಡವಾಗಿದ್ದವು. ಲ್ಯಾಬಿನವರು ಕಾರಣ ಕೇಳಿದರು. ಕಾರಣ ಹೇಳಬೇಕಾದ ಫೈಲನ್ನೇ ನಾನು ಅಳಿಸಿದ್ದೆ. ಮೀಟಿಂಗಿನಲ್ಲಿ ಮ್ಯಾನೇಜರು ಇದು ಯಾರ ಕೆಲಸ ಎಂದಾಗ ನನ್ನ ಕೆಲಸ ಹೋಯಿತೆಂದೇ ತಿಳಿದೆ. ಕಾಕಾ ಮರಾಠಿಯಲ್ಲಿ, "ಚೂಕ್ ಮಾಝೀ ಆಹೆ" ಎಂದರು. ತಪ್ಪು ನನ್ನದು ಎಂದು. ಎಲ್ಲರೆದುರು ಬೈಸಿಕೊಂಡದ್ದೂ ಅವರೇ. ನಾನು ಸುಮ್ಮನೆ ಕೂತಿದ್ದೆ. ಅದಕ್ಕೆ ಇಂದಿಗೂ ನಾಚುತ್ತೇನೆ.

ಮರುದಿನ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. "ಮೊದಲನೇದು ಇಡು, ಕಡೀದು ಇಡು. ನಡುವಿನವು ನೋಡು, ಬರಿ, ಆಮ್ಯಾಲೆ ಅಳಸು." ಆ ಮೀಟಿಂಗಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ವರ್ಷ ಕಾಕಾ ಹೃದಯಾಘಾತದಿಂದ ತೀರಿಕೊಂಡರು. ಅವರ ಮೇಜು ಖಾಲಿ ಮಾಡುವಾಗ ನೋಟ್‌ಬುಕ್ ನನ್ನ ಕೈಗೆ ಬಂತು. ನನ್ನನ್ನು ಉಳಿಸಲು ಅವರು ಅಂದು ಸುಳ್ಳು ಹೇಳಿದರೆಂದೇ ಇಷ್ಟು ವರ್ಷ ನಂಬಿದ್ದೆ. ಆ ದಿನದ ಪುಟ ಹುಡುಕಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಒಂದೇ ಸಾಲು:

"ಡಂಪ್ ಇಲ್ಲ. ಯಾವದು ಇಡಬೇಕಂತ ಹೇಳದ ನಾ ಊಟಕ್ಕ ಹೋದೆ."