ಅಣ್ಣ ಕೇಳಿದ ಕಾಣದ ಕ್ಲಿಪ್ಪು

ಕುರುಗೋಡಿನಿಂದ ನನ್ನನ್ನು ನೋಡಲು ಬಂದವರಲ್ಲಿ ಹುಡುಗನ ಸೋದರತ್ತೆಯೂ ಇದ್ದಳು. ನಾನು ಎದುರಿಗೇ ನಿಂತಿದ್ದರೂ ಅಣ್ಣನಿಗೆ ಹೇಳಿದಳು: "ಹುಡುಗಿ ನೌಕರಿದಾಕಿ, ಚಲೋ ಆತು. ಹಲ್ಲು ಅಷ್ಟ ಮುಂದ ಬಂದಾವ. ಸರಿ ಮಾಡಿಸ್ರಿ, ಆಮ್ಯಾಲ ಮಾತಾಡೋಣು."

ನಾನು ಸಿರುಗುಪ್ಪದಿಂದ ಬಳ್ಳಾರಿಗೆ ಓಡುವ ಬಸ್ಸಿನ ಕಂಡಕ್ಟರ್. ನನ್ನ ಕೋರೆಹಲ್ಲೊಂದು ಹೊರಳಿಕೊಂಡು, ಸೀಟಿ ಊದಿದಾಗಲೆಲ್ಲ ತುಟಿಗೆ ಚುಚ್ಚುತ್ತಿತ್ತು. ಸರಿ ಮಾಡಿಸಿಕೊಳ್ಳುತ್ತೇನೆಂದು ವರ್ಷಗಳಿಂದ ಹೇಳುತ್ತಿದ್ದೆ. "ಲಗ್ನ ಆದಮ್ಯಾಲ ನಿನ್ನ ಗಂಡ ನೋಡ್ಕೊಂತಾನ ಬಿಡು" ಎನ್ನುತ್ತಿದ್ದ ಅಣ್ಣ, ಆ ಹೆಂಗಸು ಅಂದ ಮೂರನೇ ದಿನಕ್ಕೆ ನನ್ನನ್ನು ಬಳ್ಳಾರಿಯ ದಂತವೈದ್ಯೆಯ ಮುಂದೆ ಕೂರಿಸಿದ್ದ.

"ಕ್ಲಿಪ್ಪ ಹೊರಗ ಕಾಣಬಾರದ್ರಿ ಡಾಕ್ಟ್ರೆ," ಎಂದ.

ವೈದ್ಯೆ ಹಲ್ಲು ಸಾಲಿಗೆ ತರಲು ಹೊದಿಸುವ ಪಾರದರ್ಶಕ ಅಲೈನರ್ ಒಂದನ್ನು ಅವನ ಅಂಗೈಯಲ್ಲಿಟ್ಟರು. "ಯಾರಿಗೂ ಗೊತ್ತಾಗಂಗಿಲ್ಲ."

"ದಿನಕ್ಕ ಎಷ್ಟು ತಾಸು ಹಾಕ್ಕೋಬೇಕ್ರಿ?" ಎಂದು ಕೇಳಿದವಳು ನಾನು.

"ಇಪ್ಪತ್ತೆರಡು. ಊಟಕ್ಕ, ಚಾಕ್ಕ ತೆಗೀಬೇಕು. ಬಾಯಿ ತೊಳಕೊಂಡು ಮತ್ತ ಹಾಕ್ಕೋಬೇಕು." ಉತ್ತರವನ್ನೂ ಅಣ್ಣನ ಕಡೆ ನೋಡಿಯೇ ಹೇಳಿದರು.

ಒಂದೊಂದು ಟ್ರಿಪ್ಪಿಗೂ ಒಂದು ಚಹಾ ಕುಡಿಯುವವಳು ನಾನು. ಬಸ್‌ಸ್ಟ್ಯಾಂಡಿನ ನಲ್ಲಿಯ ಮುಂದೆ, ನೋಟು ಹಿಡಿದ ಕೈಯನ್ನೇ ಬಾಯಿಗೆ ಹಾಕಿ ದಿನವಿಡೀ ಅಲೈನರ್ ತೆಗೆಯುತ್ತ ಹಾಕುತ್ತ ನಿಲ್ಲಬೇಕೆ? ಮೈ ಉರಿದುಹೋಯಿತು.

"ಹಲ್ಲು ಯಾರವ್ರಿ ಮೇಡಂ? ನಮ್ಮಣ್ಣನವೇನು? ನನ್ನ ಬಾಯಿ ನೋಡಿ ಹೇಳ್ರಿ."

ಆಗ ನೋಡಿದರು. "ಈ ಕೋರೆಹಲ್ಲು ಭಾಳ ಹೊರಳೈತಿ. ನಿಮಗ ತಂತಿ ಕ್ಲಿಪ್ಪ ಚಲೋ."

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ನಿಮ್ಮಣ್ಣಾರು ಕಾಣಬಾರದು ಅಂದ್ರಲ್ಲ."

ಇಷ್ಟು ಓದಿದ ಹೆಂಗಸು! ಅಣ್ಣನಿಗಿಂತ ಹೆಚ್ಚು ಸಿಟ್ಟು ಅವರ ಮೇಲೆ ಬಂತು. ಮುಂದಿನ ವಾರ ರಜೆ ಹಾಕಿ, ಒಬ್ಬಳೇ ಹೋಗಿ ತಂತಿ ಹಾಕಿಸಿಕೊಂಡೆ. ಕೆಲವು ದಿನ ಸೀಟಿ ತುಟಿಗೆ ತಾಗಿಸಲೂ ಆಗಲಿಲ್ಲ. ಬಾಗಿಲಿನ ತಗಡು ಬಡಿದೇ ಬಸ್ಸು ಬಿಡಿಸಿದೆ.

ಸುದ್ದಿ ಕುರುಗೋಡಿಗೆ ಮುಟ್ಟಿತು. ಒಂದು ಮಧ್ಯಾಹ್ನ ಆ ಹುಡುಗನೇ ಫೋನು ಮಾಡಿದ. "ನಮ್ಮ ಮನ್ಯಾಗ ಕಾಯ್ತಾರಂತ. ತಂತಿ ತೆಗೆಸಿದ ಮ್ಯಾಲ ಒಂದು ಫೋಟೋ ಕಳಸ್ರಿ."

"ನೀವು ನಿಮ್ಮ ಹಲ್ಲಿನ ಫೋಟೋ ಕಳಿಸಿದ್ರೇನು?" ಎಂದೆ. "ಕಾಯಬ್ಯಾಡ್ರಿ. ಈ ಸಂಬಂಧ ನನಗ ಬ್ಯಾಡ," ಎಂದು ಫೋನಿಟ್ಟೆ.

ಕೋರೆಹಲ್ಲು ಈಗ ಸಾಲಿಗೆ ಬರುತ್ತಿದೆ. ಸಂಬಂಧ ಬಿಟ್ಟಿದ್ದಕ್ಕೆ ಅಣ್ಣ ಇನ್ನೂ ನನ್ನೊಡನೆ ಮಾತಾಡಿಲ್ಲ. ನಾನೂ ಮಾತಾಡಿಸಿಲ್ಲ.