ಮೈಗೆ ನೆನಪು ಹೇಳುತ್ತಿದ್ದ ಅಜ್ಜಿ

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಮಾತಾಡುವಾಗಲೆಲ್ಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ನನ್ನ ಪುಟ್ಟ ಮಗಳ ದಡಾರ ಇಳಿದ ದಿನ, ವಾಡಿಕೆಯಂತೆ ಓಣಿಯ ಮಕ್ಕಳನ್ನೆಲ್ಲ ಕರೆದು ಮೊಸರನ್ನ ಬಡಿಸಲು ಹೊರಟಿದ್ದೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತರು.

“ದಡಾರದಮ್ಮ ಹೋಗ್ಯಾಳ, ಖರೆ. ಆದ್ರ ಮೈಗೆ ಇನ್ನಾ ನೆನಪು ಬಂದಿಲ್ಲವ್ವಾ.”

ಅವರ ಮೊಮ್ಮಗ ದಡಾರದಿಂದ ಎದ್ದವನು, ಅಂಥದೇ ಊಟದಲ್ಲಿ ಯಾರದೋ ಕೆಮ್ಮು ಹತ್ತಿಸಿಕೊಂಡು ನ್ಯುಮೋನಿಯಾದಲ್ಲಿ ತೀರಿಹೋಗಿದ್ದ. ಹಳೆಯ ರೋಗಗಳನ್ನು ಎದುರಿಸಲು ಮೈ ಕಲಿತಿದ್ದನ್ನು ದಡಾರ ಅಳಿಸಿಬಿಡುತ್ತದೆ, ಮತ್ತೆ ಮೊದಲಿನಿಂದ ಕಲಿಯಬೇಕು ಎಂದು ಡಾಕ್ಟರು ಆಗ ಹೇಳಿದ್ದರಂತೆ. ಅಜ್ಜಿ ಅದನ್ನು ತಮ್ಮದೇ ರೀತಿಯಲ್ಲಿ ನಂಬಿದ್ದರು.

ನೋಡಲು ಬಂದವರನ್ನೆಲ್ಲ ಅದೇ ಮಾತು ಹೇಳಿ ಹಿಂದಕ್ಕೆ ಕಳಿಸಿದರು. ತಾವೂ ಒಳಗೆ ಬರಲಿಲ್ಲ. ದಿನಾ ಬೆಳಗ್ಗೆ ಕಿಟಕಿಯಾಚೆ ನಿಂತು ನನ್ನ ಮಗಳಿಗೆ ಒಂದೊಂದಾಗಿ ನೆನಪು ಹೇಳುತ್ತಿದ್ದರು: “ಅದು ಬೇವಿನ ಗಿಡ. ಇದು ಬಿಸಿಲು. ಅಕಿ ನಿಮ್ಮವ್ವ.” ಆ ಎಳೆಬಿಸಿಲಲ್ಲಿ ಲೋಕ ಆಗತಾನೆ ಹುಟ್ಟುತ್ತಿರುವಂತೆ ನನಗೆ ಕೇಳಿಸುತ್ತಿತ್ತು.

ಎಷ್ಟೋ ವಾರಗಳ ಮೇಲೆ ಮಗಳು ಅಂಗಳಕ್ಕೆ ಓಡಿದಾಗ ಅಜ್ಜಿ ಸೆರಗು ಸುತ್ತಿಕೊಳ್ಳುತ್ತ, ಅಂಜುತ್ತಲೇ ಕೇಳಿದರು: “ನಾ ಯಾರಂತ ಗೊತ್ತೈತೇನವ್ವಾ?”

ಮಗಳು ಅವರ ಬೆರಳಿನಿಂದ ಸೆರಗು ಬಿಚ್ಚಿ, ತನ್ನ ಬೆರಳಿಗೆ ಸುತ್ತಿಕೊಂಡಳು.